ಬೈಲಕುಪ್ಪೆಯ ಜೋಳದ ಹೊಲಗಳು



ಚಳಿ ಶುರುವಾಗುತ್ತಲೇ ಶಿವಮೊಗ್ಗ, ಭದ್ರಾವತಿ ಪೇಟೆಗಳಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರನ್ನು ನಾವೆಲ್ಲ ಬಲ್ಲೆವು. ಚೌಕಾಸಿ ಮಾಡಿ ಕೊಂಡೂ ಇದ್ದೇವೆ. ಈ ವ್ಯಾಪಾರದ ಹಿಂದೆ ಒಂದು ಬೇಸಾಯದ ಕಥೆಯಿದೆಯೆಂಬುದು ಹೆಚ್ಚು ಮಂದಿಗೆ ತಿಳಿಯದು.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಭಾರತಕ್ಕೆ ಬಂದವರಲ್ಲಿ ಬಹಳ ಜನ ಮೊದಲು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಆಗಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡನ್ನು ಗುತ್ತಿಗೆಗೆ ಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದಿಳಿದವು. ಡೇರೆಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಇದ್ದುಕೊಂಡೇ ಮರ ಉರುಳಿಸಿ, ಬುಡ ಕಿತ್ತು ಹೊಲ ಮಾಡಿದರು. ತಣ್ಣನೆಯ ಎತ್ತರದ ನಾಡಿನಲ್ಲಿ ಯಾಕ್ ಮೇಯಿಸಿ ಬಾರ್ಲಿ ಬೆಳೆದಿದ್ದವರಿಗೆ ಇಲ್ಲಿಯ ಸೆಖೆ, ಕಾಯಿಲೆ, ರಾತ್ರಿ ನುಗ್ಗುವ ಆನೆ ಎಲ್ಲವೂ ಹೊಸತು. ಆನೆಯ ಕಾಟ ನಮಗೇನು ಹೊಸದಲ್ಲ, ಆದರೆ ನಾವು ಹುಟ್ಟಿನಿಂದ ಕಂಡವರು. 1966ರಲ್ಲಿ ನಮಗೆ ಇನ್ನೂ ಹತ್ತಿರದ ಮುಂಡಗೋಡಿನಲ್ಲಿ ಇಂಥದೇ ವಸತಿಯಾಯಿತು.

ಆರಂಭದಲ್ಲಿ ತಲೆಗೆ ಸುಮಾರು ಒಂದು ಎಕರೆಯಂತೆ ಹಂಚಿಕೆ. ಮುಖ್ಯ ಬೆಳೆ ಮಳೆ ನಂಬಿದ ಮೆಕ್ಕೆಜೋಳ. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಮಾರಾಟ ಇವೆಲ್ಲ ಅವರದೇ ಸಹಕಾರ ಸಂಘದ ಹೊಣೆ. ಭಾಷೆ ತಿಳಿಯದ ರೈತ ಸಂತೆಯಲ್ಲಿ ದಲ್ಲಾಳಿಯ ಎದುರು ಒಬ್ಬನೇ ನಿಲ್ಲಬೇಕಾಗಲಿಲ್ಲ ಎಂಬುದನ್ನು ನಾವು ದೊಡ್ಡ ಮಾತೆಂದೇ ಎಣಿಸುತ್ತೇವೆ.

ಆದರೆ ಜೋಳ ಕೊಯ್ದ ಮೇಲೆ ನೀರಿಲ್ಲದ ಹೊಲದಲ್ಲಿ ಕೆಲಸವೇನು? ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೊರಡುವ ರೂಢಿ ಹೀಗೆ ಬಲಿಯಿತು. ಕ್ರಮೇಣ ಹೊಲಕ್ಕಿಂತ ಗಂಟೇ ಹೆಚ್ಚು ದುಡಿದದ್ದೂ ಉಂಟು.

ಸಂಸಾರ ಬೆಳೆಯಿತು, ಜಮೀನು ಬೆಳೆಯಲಿಲ್ಲ. ಗುತ್ತಿಗೆ ಭೂಮಿಯಾದ್ದರಿಂದ ಮಾರುವಂತೆಯೂ ಇಲ್ಲ. ಕೇಂದ್ರ ಸರ್ಕಾರ 2014ರಲ್ಲಿ ತಂದ ಪುನರ್ವಸತಿ ನೀತಿಯಲ್ಲಿ, ರಾಜ್ಯಗಳು ಇಂಥ ಭೂಮಿಗೆ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದು ಹೇಳಿದೆ. ಪತ್ರವಿಲ್ಲದ ಜಮೀನಿನ ಸಂಕಟ ನಮ್ಮ ಜಿಲ್ಲೆಗೂ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಊರು ಮುಳುಗಿ ಶಿವಮೊಗ್ಗ, ಭದ್ರಾವತಿ ಕಡೆಗೆ ಬಂದವರ ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ.

ಬೈಲಕುಪ್ಪೆಯ ಓದಿದ ಹುಡುಗರಲ್ಲಿ ಅನೇಕರು ಬೆಂಗಳೂರಿಗೆ, ಹೊರದೇಶಗಳಿಗೆ ಹೋದರು. ಹಲವು ಹೊಲಗಳನ್ನು ಈಗ ಸುತ್ತಲ ಊರಿನವರು ಮಾಡುತ್ತಿದ್ದಾರೆ. ನಾವು ಅಲ್ಲಿಂದ ಬಂದ ಮೇಲೆ ನಮ್ಮ ಸಂಘದ ಸದಸ್ಯರ ಪುಸ್ತಕ ತಿರುವಿದೆವು. ಅರವತ್ತು ದಾಟಿದವರ ಹೆಸರೇ ಹೆಚ್ಚು. ಸದಸ್ಯತ್ವವನ್ನು ಮಕ್ಕಳ ಹೆಸರಿಗೆ ಮಾಡಿಸುವ ವಿಷಯವನ್ನು ಮುಂದಿನ ಸಭೆಗೆ ತರುತ್ತೇವೆ. ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಬನ್ನಿ.