ಕ್ಯಾನ್ಸರ್ ಗೆದ್ದ ಮಗು ಓದಿನಲ್ಲಿ ಹಿಂದೆ ಬಿದ್ದರೆ: ಮೆದುಳಿನ ಸ್ಕ್ಯಾನ್ ಏನು ಹೇಳುತ್ತದೆ?



ಹೃದಯದ ಡಾಕ್ಟರು ಮೆದುಳಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಬಾಲ್ಯದ ಕ್ಯಾನ್ಸರಿಗೆ ಡಾಕ್ಸೋರುಬಿಸಿನ್‌ನಂಥ ಔಷಧ ಪಡೆದ ಮಕ್ಕಳಿಗೆ ವರ್ಷಗಳ ನಂತರ ಹೃದಯ ದುರ್ಬಲವಾಗುವ ಸಾಧ್ಯತೆ ಇದೆ. ಅದಕ್ಕಾಗಿ ಅವರು ಎಕೋ ಪರೀಕ್ಷೆಗೆ ನಮ್ಮ ಬಳಿ ಬರುತ್ತಾರೆ.

ಹಾಗೆ ಬಂದವರಲ್ಲಿ ಕಲಬುರಗಿ ಕಡೆಯಿಂದ ಮುಂಬೈಗೆ ಬಂದು ನೆಲೆಸಿದ ಒಬ್ಬ ತಾಯಿ ಇದ್ದರು. ಮಗನಿಗೆ 4ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್, ಈಗ 12 ವರ್ಷ. ಎಕೋ ಚೆನ್ನಾಗಿತ್ತು. ಹೊರಡುವಾಗ ಆಕೆ ಮೆಲ್ಲಗೆ ಕೇಳಿದರು: "ಎದಿ ಚಲೋ ಐತಿ ಅಂದ್ರಿ, ಸಮಾಧಾನ ಆತ್ರಿ. ಆದ್ರ ಇವಂಗ ಓದಿದ್ದು ನೆನಪ ಉಳಿಯಂಗಿಲ್ಲ. ಟೀಚರ್ ಆಲಸಿ ಅಂತಾರ, ಇವರಪ್ಪ ಹೊಡೀತಾರ. ತಲಿ ಸ್ಕ್ಯಾನ್ ಮಾಡಸಲೇನ್ರಿ?"

*ಯಾಕೆ ಹೀಗಾಗುತ್ತದೆ?*

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಎಂದರೆ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆದರೆ ಈ ರೋಗದ ಕಣಗಳು ಮೆದುಳಿನಲ್ಲಿ ಅವಿತು ಕೂರುತ್ತವೆ. ಅದಕ್ಕೆ ಬೆನ್ನಿನ ಮೂಲಕ ಮೆದುಳು ದ್ರವಕ್ಕೆ ಮೆಥೋಟ್ರೆಕ್ಸೇಟ್ ಔಷಧ ಕೊಡುತ್ತಾರೆ. ಹಿಂದೆ ಬಹಳ ಮಕ್ಕಳಿಗೆ ತಲೆಗೆ ರೇಡಿಯೇಷನ್ ಕೂಡ ಕೊಡುತ್ತಿದ್ದರು. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧವನ್ನು ಸರಿಯಾಗಿ ಹೊಂದಿಸಿದರೆ ಆ ರೇಡಿಯೇಷನ್ ಬಿಡಬಹುದು ಎಂದು ತೋರಿಸಿದರು.

ನಮ್ಮ ಮೆದುಳಿನಲ್ಲಿ ಬಿಳಿ ಭಾಗ ಎಂದಿದೆ. ಅದು ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ತಂತಿಗಳ ಕಟ್ಟು. ವೈರಿನ ಮೇಲೆ ಪ್ಲಾಸ್ಟಿಕ್ ಇರುವಂತೆ ಈ ತಂತಿಗಳ ಮೇಲೆ ಮೈಯಲಿನ್ ಎಂಬ ಹೊದಿಕೆ ಇದೆ. ಅದು ಬಾಲ್ಯದುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ. ರೇಡಿಯೇಷನ್, ಕೆಲವು ಔಷಧಗಳು ಅದಕ್ಕೆ ಪೆಟ್ಟು ಕೊಡಬಲ್ಲವು. ಆಗ ಮಗುವಿನ ಬುದ್ಧಿ ಹೋಗುವುದಿಲ್ಲ. ಗಮನ ಮತ್ತು ಕೆಲಸದ ವೇಗ ಕಡಿಮೆಯಾಗಬಹುದು. ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಪಡೆದವರಲ್ಲಿ ಅಪಾಯ ಹೆಚ್ಚು.

*ಸ್ಕ್ಯಾನಿನಲ್ಲಿ ಏನು ಕಾಣುತ್ತದೆ?*

▪️ ಸಾಮಾನ್ಯ ಎಮ್‌ಆರ್‌ಐ: ಬಿಳಿ ಭಾಗದ ಬದಲಾವಣೆ, ಹಳೆಯ ಸಣ್ಣ ರಕ್ತಸ್ರಾವದ ಗುರುತು ಕಾಣಬಹುದು. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ.
▪️ ಡಿಟಿಐ: ತಂತಿಗಳ ಉದ್ದಕ್ಕೂ ನೀರಿನ ಅಣುಗಳು ಹೇಗೆ ಚಲಿಸುತ್ತವೆ ಎಂದು ಅಳೆದು, ಕಟ್ಟು ಗಟ್ಟಿಯಾಗಿದೆಯೇ ಎಂದು ಅಂದಾಜಿಸುತ್ತದೆ.
▪️ ಫಂಕ್ಷನಲ್ ಎಮ್‌ಆರ್‌ಐ: ಕೆಲಸ ಮಾಡುವಾಗ ಮೆದುಳಿನ ಯಾವ ಭಾಗ ಹೆಚ್ಚು ದುಡಿಯುತ್ತಿದೆ ಎಂದು ತೋರಿಸುತ್ತದೆ.

ಈ ಮಕ್ಕಳ ವಿಷಯದಲ್ಲಿ ಕೊನೆಯ ಎರಡು ಇನ್ನೂ ಹೆಚ್ಚಾಗಿ ಸಂಶೋಧನೆಗೇ ಬಳಕೆಯಾಗುತ್ತಿವೆ.

ಮುಖ್ಯ ಮಾತು ಇದು: *ಸ್ಕ್ಯಾನ್ ನಾರ್ಮಲ್ ಬಂದರೆ ಮಗು ನಾಟಕ ಮಾಡುತ್ತಿದೆ ಎಂದಲ್ಲ. ಬಿಳಿ ಮಚ್ಚೆ ಕಂಡರೆ ಮಗು ದಡ್ಡ ಎಂದೂ ಅಲ್ಲ.* ಓದಿನ ತೊಂದರೆಗೆ ಮೊದಲು ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ. ತಜ್ಞರು ಮಗುವನ್ನು ಕೂರಿಸಿಕೊಂಡು ನೆನಪು, ಗಮನ, ವೇಗ ಎಲ್ಲವನ್ನೂ ಅಳೆಯುತ್ತಾರೆ.

*ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?*

ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಹೆಚ್ಚುತ್ತಿರುವ ತಲೆನೋವಿನ ಜೊತೆ ವಾಂತಿ, ದೃಷ್ಟಿ ಬದಲಾವಣೆ. ಇಲ್ಲಿ ಸ್ಕ್ಯಾನ್ ತುರ್ತಾಗಿ ಬೇಕಾಗುತ್ತದೆ. ತಲೆಗೆ ರೇಡಿಯೇಷನ್ ಪಡೆದವರಲ್ಲಿ ಮೆದುಳಿನ ರಕ್ತನಾಳ ಕಿರಿದಾಗುವ ಸಾಧ್ಯತೆ ಇರುವುದರಿಂದ ಬಿಪಿ ಕೂಡ ನೋಡಿಸುತ್ತಿರಿ. ಮೆದುಳಿನ ಗಡ್ಡೆಗೆ ಚಿಕಿತ್ಸೆ ಪಡೆದ ಮಕ್ಕಳು ವೈದ್ಯರು ಹೇಳಿದ ಎಮ್‌ಆರ್‌ಐ ಯಾವುದನ್ನೂ ತಪ್ಪಿಸಬಾರದು.

*ಮನೆಯವರು ಏನು ಮಾಡಬೇಕು?*

1. ಊರು ಬದಲಾದರೂ ಚಿಕಿತ್ಸೆಯ ಫೈಲ್ ಕಳೆಯಬೇಡಿ. ಯಾವ ಔಷಧ, ಎಷ್ಟು ಡೋಸ್, ರೇಡಿಯೇಷನ್ ಎಷ್ಟು ಎಂಬುದರ ಫೋಟೋ ಮೊಬೈಲಿನಲ್ಲಿ ಇರಲಿ.
2. ಚಿಕಿತ್ಸೆ ಮುಗಿದವರಿಗೆಂದೇ ಇರುವ ಕ್ಲಿನಿಕ್ಕಿಗೆ ಹೋಗಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇಂಥ 'ಆಕ್ಟ್' ಕ್ಲಿನಿಕ್ ಇದೆ.
3. "ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಸ್ಕೂಲಲ್ಲಿ ಇಂಗ್ಲಿಷ್, ಅದಕ್ಕೇ ಗೊಂದಲ" ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಪರೀಕ್ಷೆ ಮಾಡುವವರಿಗೆ ಮನೆಮಾತು ಯಾವುದೆಂದು ತಿಳಿಸಿ. ಕನ್ನಡ ಬಿಡಿಸಬೇಡಿ.
4. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅರ್ಹತೆ ಇದ್ದು ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು.
5. ಮಗು ಓಡಲಿ, ಆಡಲಿ. ಟೊರೊಂಟೊದಲ್ಲಿ ರೇಡಿಯೇಷನ್ ಪಡೆದ ಮಕ್ಕಳಿಗೆ 12 ವಾರ ವ್ಯಾಯಾಮ ಮಾಡಿಸಿ ಎಮ್‌ಆರ್‌ಐ ತೆಗೆದಾಗ ಬಿಳಿ ಭಾಗದಲ್ಲಿ ಸುಧಾರಣೆ ಕಂಡಿತು. ಅಧ್ಯಯನ ಚಿಕ್ಕದು, ಆದರೂ ಭರವಸೆ ಕೊಡುವಂಥದ್ದು. ಎಷ್ಟು ಆಡಬಹುದು ಎಂದು ಎಕೋ ನೋಡಿದ ವೈದ್ಯರನ್ನು ಕೇಳಿ.

ಆ ಹುಡುಗನಿಗೆ ಬೇರೆ ಯಾವ ಲಕ್ಷಣವೂ ಇರಲಿಲ್ಲ. ಮೊದಲು ನ್ಯೂರೋಸೈಕಾಲಜಿ ಪರೀಕ್ಷೆಗೆ ಕಳಿಸಿದೆ. ಅರ್ಥ ಮಾಡಿಕೊಳ್ಳುವುದರಲ್ಲಿ ಅವನು ಸರಿಯಾಗಿಯೇ ಇದ್ದ. ಬರೆಯುವ, ಯೋಚಿಸುವ ವೇಗ ಮಾತ್ರ ಕಡಿಮೆ ಇತ್ತು. ಶಾಲೆಯವರು ರಿಪೋರ್ಟ್ ನೋಡಿ ಮುಂದಿನ ಬೆಂಚಿಗೆ ಕೂರಿಸಿದರು, ಸಮಯ ಹೆಚ್ಚು ಕೊಟ್ಟರು. ಮುಂದಿನ ಎಕೋಗೆ ಅಪ್ಪನೇ ಬಂದಿದ್ದರು. "ಗೊತ್ತಿಲ್ದ ಹೊಡದ್ನಿರಿ" ಎಂದವರು ಮುಂದೆ ಮಾತಾಡಲಿಲ್ಲ. ಮಗನ ಹೆಗಲ ಮೇಲಿಟ್ಟ ಕೈ ತೆಗೆಯಲೂ ಇಲ್ಲ.

ನಿಮ್ಮ ಬಳಗದಲ್ಲಿ ಇಂಥ ಮಗು ಇದ್ದರೆ ಆ ಮನೆಯವರಿಗೆ ಇದನ್ನು ಕಳಿಸಿ. ಇದು ಮಾಹಿತಿಗಾಗಿ ಮಾತ್ರ; ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕಾಣಿ.

ಎಲ್ಲರೂ ಆರೋಗ್ಯವಾಗಿರಿ.
– ನಿಮ್ಮ ಹೃದ್ರೋಗ ವೈದ್ಯ