ಹ್ಯಾಮ್ ರೇಡಿಯೋದ ಕೈಸೆಟ್ಟು: ಪರಿಚಯ ಮತ್ತು ನಿತ್ಯಬಳಕೆ

2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ದೆಹಲಿಯ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿ ರೇಡಿಯೋ ತಂಡವೊಂದು ಪೋರ್ಟ್‌ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ಬೀಡುಬಿಟ್ಟಿತ್ತು. ದೂರವಾಣಿ ಸಂಪರ್ಕ ಕಡಿದುಹೋಗಿದ್ದ ಆ ದಿನಗಳಲ್ಲಿ ದ್ವೀಪವಾಸಿಗಳ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸುವ ಹೊಣೆಯನ್ನು ಈ ತಂಡವು ಹೊತ್ತಿತು.

ಇಂತಹ ಸೇವೆಯಿಂದ ಪ್ರೇರಿತರಾದ ಅನೇಕರು ಮೊದಲು ಪಡೆಯಬಯಸುವುದು ವಾಕಿಟಾಕಿಯಂತೆ ಕಾಣುವ, ಎರಡು ಬ್ಯಾಂಡುಗಳಲ್ಲಿ ಕೆಲಸಮಾಡುವ ಕೈಸೆಟ್ಟನ್ನು. ಆದರೆ ಅಂದು ಸಾವಿರಕ್ಕೂ ಮಿಕ್ಕಿದ ಕಿಲೋಮೀಟರುಗಳ ಸಮುದ್ರವನ್ನು ದಾಟಿದ್ದು ಹ್ರಸ್ವ ತರಂಗಗಳ ದೊಡ್ಡ ಯಂತ್ರಗಳು. ಕೈಸೆಟ್ಟಿನ ಕಾರ್ಯಕ್ಷೇತ್ರವೇ ಬೇರೆ. ಅದರ ಶಕ್ತಿ ಮತ್ತು ಮಿತಿಗಳನ್ನು ನಿತ್ಯದ ಬಳಕೆಯಿಂದ ಅರಿತವರಿಗೆ ಮಾತ್ರ ಅದು ಆಪತ್ಕಾಲದಲ್ಲಿ ನೆರವಾಗಬಲ್ಲುದು.

ಮೊದಲು ಪರವಾನಗಿ

ಪೇಟೆಯಲ್ಲಿ ಸೆಟ್ಟು ದೊರೆಯುತ್ತದೆ ಎಂದಮಾತ್ರಕ್ಕೆ ಅದರಲ್ಲಿ ಮಾತನಾಡುವ ಹಕ್ಕು ದೊರೆಯುವುದಿಲ್ಲ. ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯದ ವ್ಯಾಪ್ತಿಯಲ್ಲಿ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. ಆಗ ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಕರೆಸಂಕೇತ ದೊರೆಯುತ್ತದೆ. ಭಾರತದ ಹವ್ಯಾಸಿಗಳ ಸಂಕೇತಗಳು ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ವ್ಯಾಪಾರದ ಮಾತಿಗೂ ಗುಪ್ತಭಾಷೆಗೂ ಈ ಸೇವೆಯಲ್ಲಿ ಸ್ಥಾನವಿಲ್ಲ.

ಎರಡು ಬ್ಯಾಂಡುಗಳು

ನಮ್ಮ ದೇಶದಲ್ಲಿ ಹವ್ಯಾಸಿಗಳು ಇಂತಹ ಸೆಟ್ಟುಗಳಲ್ಲಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್ ಮತ್ತು 434ರಿಂದ 438 ಮೆಗಾಹರ್ಟ್ಸ್ ಆವರ್ತನಗಳನ್ನು. ಮೊದಲನೆಯದರ ತರಂಗಾಂತರ ಸುಮಾರು 2 ಮೀಟರ್, ಎರಡನೆಯದರದು ಸುಮಾರು 70 ಸೆಂಟಿಮೀಟರ್. ಈ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಸಮತಟ್ಟಾದ ಬಯಲಿನಲ್ಲಿ ನಿಂತವರಿಗೆ ದಿಗಂತವು 5 ಕಿಲೋಮೀಟರಿನೊಳಗೇ ಇರುತ್ತದೆ. ಮುಂಬಯಿ ಅಥವಾ ಚೆನ್ನೈಯಂತಹ ನಗರಗಳಲ್ಲಿ ಕಟ್ಟಡಗಳು ಅಡ್ಡಬರುವುದರಿಂದ ನೇರ ಸಂಪರ್ಕದ ದೂರ ಇನ್ನೂ ಕಡಿಮೆಯಾಗಬಹುದು.

ಆದುದರಿಂದ ವಿದ್ಯುತ್ ಶಕ್ತಿಗಿಂತಲೂ ಎತ್ತರವೇ ಇಲ್ಲಿ ಮುಖ್ಯ. ಪುಣೆ ನಗರಕ್ಕಿಂತ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಿಂಹಗಡದಂತಹ ಸ್ಥಳದಿಂದ 5 ವಾಟಿನ ಸೆಟ್ಟು ಹತ್ತಾರು ಕಿಲೋಮೀಟರ್ ಮುಟ್ಟಬಲ್ಲುದು. ಎತ್ತರದ ಸ್ಥಳಗಳಲ್ಲಿ 'ರಿಪೀಟರ್' ಯಂತ್ರಗಳನ್ನು ಸ್ಥಾಪಿಸುವುದೂ ಇದೇ ಕಾರಣಕ್ಕೆ. ಅವು ಒಂದು ಆವರ್ತನದಲ್ಲಿ ಕ್ಷೀಣವಾದ ಧ್ವನಿಯನ್ನು ಗ್ರಹಿಸಿ, ಇನ್ನೊಂದರಲ್ಲಿ ಹೆಚ್ಚಿನ ಶಕ್ತಿಯಿಂದ ಮರುಪ್ರಸಾರ ಮಾಡುತ್ತವೆ. 2 ಮೀಟರ್ ಬ್ಯಾಂಡಿನಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್.

ಬಳಕೆಯ ಕ್ರಮ

ಮಾತನಾಡುವ ಮೊದಲು ಆಲಿಸಬೇಕು; ಇತರರ ಸಂಭಾಷಣೆಗೆ ಅಡ್ಡಿಯಾಗಬಾರದು. ಗುಂಡಿಯನ್ನು ಒತ್ತಿ ಕ್ಷಣಕಾಲ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ ಮೊದಲ ಪದವೇ ಕಳೆದುಹೋಗುತ್ತದೆ. ಆಂಟೆನಾ ನೆಟ್ಟಗೆ ನಿಂತಿರಬೇಕು. ಆಂಟೆನಾ ಜೋಡಿಸದೆ ಪ್ರಸಾರ ಮಾಡಿದರೆ ಯಂತ್ರ ಕೆಡುವ ಸಂಭವವಿದೆ. ಸೆಟ್ಟಿನೊಡನೆ ಬರುವ ರಬ್ಬರ್ ಹೊದಿಕೆಯ ಗಿಡ್ಡ ಆಂಟೆನಾ ಒಯ್ಯಲು ಅನುಕೂಲ, ಆದರೆ ದುರ್ಬಲ. 145 ಮೆಗಾಹರ್ಟ್ಸಿಗೆ ಕಾಲು ತರಂಗಾಂತರದ, ಅಂದರೆ ಸುಮಾರು ಅರ್ಧ ಮೀಟರ್ ಉದ್ದದ, ಆಂಟೆನಾ ಅದಕ್ಕಿಂತ ಉತ್ತಮ.

ಪ್ರಸಾರದ ವೇಳೆ ಬ್ಯಾಟರಿ ಬೇಗ ಬರಿದಾಗುತ್ತದೆ. ಹತ್ತಿರದವರೊಡನೆ ಮಾತನಾಡಲು ಕಡಿಮೆ ಶಕ್ತಿಯೇ ಸಾಕು. ಹೆಚ್ಚುವರಿ ಬ್ಯಾಟರಿಯೊಂದನ್ನು ಸದಾ ತುಂಬಿಸಿಟ್ಟಿರುವುದು ವಿವೇಕ.

ಬಾಹ್ಯಾಕಾಶದಿಂದ ಒಂದು ಪಾಠ

ಎರಡೂ ಬ್ಯಾಂಡುಗಳ ಬಳಕೆಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಒಳ್ಳೆಯ ನಿದರ್ಶನ. 2020ರಲ್ಲಿ ಆರಂಭವಾದ ಇದು 145.990 ಮೆಗಾಹರ್ಟ್ಸ್‌ನಲ್ಲಿ ಆಲಿಸಿ 437.800ರಲ್ಲಿ ಮರುಪ್ರಸಾರ ಮಾಡುವಂತೆ ರೂಪಿತವಾಗಿದೆ. ಅದು ಚಾಲನೆಯಲ್ಲಿರುವಾಗ, ಸುಮಾರು 400 ಕಿಲೋಮೀಟರ್ ಎತ್ತರದಿಂದ ಬರುವ ಧ್ವನಿ ಬಯಲಲ್ಲಿ ನಿಂತವರ ಕೈಸೆಟ್ಟಿಗೂ ಕೇಳಿಸುತ್ತದೆ. ನಡುವೆ ಅಡೆತಡೆಯಿಲ್ಲದಿದ್ದರೆ ಅಲ್ಪ ಶಕ್ತಿಯೂ ಬಹುದೂರ ಸಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಆಪತ್ಕಾಲಕ್ಕೆ ಸಿದ್ಧತೆ

ನೆರೆ ಅಥವಾ ಚಂಡಮಾರುತದ ವೇಳೆ ವಿದ್ಯುತ್ ಕಡಿದು ರಿಪೀಟರೇ ಮೂಕವಾಗಬಹುದು. ಆಗ ಉಳಿಯುವುದು ಸೆಟ್ಟಿನಿಂದ ಸೆಟ್ಟಿಗೆ ನೇರ ಸಂಪರ್ಕ ಮಾತ್ರ. ಯಾವ ಆವರ್ತನದಲ್ಲಿ ಕೂಡಬೇಕೆಂಬುದನ್ನು ನೆರೆಹೊರೆಯ ಹವ್ಯಾಸಿಗಳೊಡನೆ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಮನೆಯ ತಾರಸಿಯ ಯಾವ ಮೂಲೆಯಿಂದ ಯಾರ ಧ್ವನಿ ಸ್ಪಷ್ಟ, ಒಂದು ಬ್ಯಾಟರಿ ಎಷ್ಟು ತಾಸು ಬರುತ್ತದೆ ಎಂಬುದನ್ನು ಶಾಂತ ದಿನಗಳಲ್ಲೇ ಪರೀಕ್ಷಿಸಿ ಬರೆದಿಡಬೇಕು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸೆಟ್ಟು ಸಂಕಟದ ಗಳಿಗೆಯಲ್ಲಿ ಅಪರಿಚಿತ ವಸ್ತುವಾಗುತ್ತದೆ. ದಿನವೂ ಕೈಯಲ್ಲಿ ಆಡಿದ ಸೆಟ್ಟು ನೆರೆಯವರ ಜೀವ ಉಳಿಸುವ ಸಾಧನವಾಗಬಲ್ಲುದು.