ಬಯಲಿನ ಬಿಡಾರಕ್ಕೆ ಬಿಸಿಲಿನ ವಿದ್ಯುತ್ತು

ಬಳ್ಳಾರಿ ನಗರಕ್ಕೆ ಸಮೀಪದ ಕುಡಿತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಆದರೆ ಸಿರುಗುಪ್ಪದ ಕಡೆ, ಭತ್ತದ ಕೊಯ್ಲಾದ ಗದ್ದೆಯಲ್ಲಿ ಕುರಿ ತರುಬಿ ಬಿಡಾರ ಹೂಡಿದವರಿಗೆ ಅದರ ತಂತಿ ತಲಪದು. ಈ ವಾರ ಇಲ್ಲಿ, ಮುಂದಿನ ವಾರ ಕುರುಗೋಡಿನ ಗುಡ್ಡದ ಬುಡದಲ್ಲಿ ಇರುವ ಬಿಡಾರಕ್ಕೆ ಕಂಬ ನೆಡುವವರಾರು? ಅಂತಹ ಬಿಡಾರವೊಂದು ತಾಡಪಾಲು ಹೊದಿಸಿದ ಟ್ರಾಕ್ಟರ್ ಟ್ರೇಲರಿನಲ್ಲಿದೆಯೆಂದು ಭಾವಿಸಿ, ಅದಕ್ಕೆ ಬೇಕಾದ ವಿದ್ಯುತ್ತನ್ನು ಬಿಸಿಲಿನಿಂದ ಪಡೆಯುವ ಬಗೆಯನ್ನು ನಾವು ಲೆಕ್ಕ ಹಾಕಿ ನೋಡೋಣ.

ಮೊದಲು ಖರ್ಚು. ವಾಟನ್ನು ಗಂಟೆಯಿಂದ ಗುಣಿಸಿದರೆ ಶಕ್ತಿಯು ವಾಟ್-ಗಂಟೆಗಳಲ್ಲಿ ದೊರೆಯುವುದಷ್ಟೆ. 7 ವಾಟಿನ ಎರಡು ಎಲ್.ಇ.ಡಿ. ದೀಪಗಳು 5 ಗಂಟೆ ಉರಿದರೆ 70. ತೋಳದ ಭಯಕ್ಕಾಗಿ ಹಟ್ಟಿಯ ಬಳಿ 11 ಗಂಟೆ ಉರಿಯುವ 5 ವಾಟಿನ ದೀಪಕ್ಕೆ 55. 15 ವಾಟಿನ ಚಿಕ್ಕ ಫ್ಯಾನಿಗೆ 8 ಗಂಟೆಗೆ 120. ನಾಲ್ಕು ಮೊಬೈಲುಗಳಿಗೆ ಸುಮಾರು 60. ಒಟ್ಟು 305 ವಾಟ್-ಗಂಟೆ.

12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆ ಇರುತ್ತದೆ. ಆದರೆ 1859ರಲ್ಲಿ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲ ಕೋಶದ ವಂಶಕ್ಕೆ ಸೇರಿದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಬೇಗನೆ ಕುಗ್ಗುವುದು. ಆದುದರಿಂದ ನಮಗೆ ಸಲ್ಲುವುದು 600 ಮಾತ್ರ, ಎಂದರೆ ಸರಿಸುಮಾರು ಎರಡು ಇರುಳುಗಳಿಗೆ. (ಲಿಥಿಯಂ ಬ್ಯಾಟರಿಯನ್ನು ಇನ್ನೂ ಆಳವಾಗಿ ಬಳಸಬಹುದು, ಬೆಲೆ ಹೆಚ್ಚು.) ಇದರಿಂದ ಅಡುಗೆಯನ್ನೂ ಮಾಡಬಾರದೇಕೆ ಎಂದು ಕೇಳುವವರುಂಟು. 2 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 588 ಕಿಲೋಜೌಲ್, ಅಂದರೆ 163 ವಾಟ್-ಗಂಟೆ ಬೇಕು. ಅನ್ನ ಬೇಯುವ ಮೊದಲೇ ದಿನದ ಖರ್ಚಿನ ಅರ್ಧ ಮುಗಿಯಿತು! ಶಾಖದ ಕೆಲಸವನ್ನು ಒಲೆಗೇ ಬಿಡುವುದು ಲೇಸು.

ಇನ್ನು ಗಳಿಕೆ. ಬಳ್ಳಾರಿಯ ಬಿಸಿಲನ್ನು ದಿನಕ್ಕೆ 5 ಗಂಟೆಗಳ ಪೂರ್ಣ ಪ್ರಖರತೆಯೆಂದು ಎಣಿಸಬಹುದು. ಕಾವು, ಧೂಳು, ಬ್ಯಾಟರಿ ತುಂಬುವಾಗಿನ ನಷ್ಟ ಇವೆಲ್ಲಕ್ಕೆ ನೂರಕ್ಕೆ 35 ಕಳೆದರೆ, 100 ವಾಟಿನ ಸೌರಫಲಕವು ದಿನಕ್ಕೆ 325 ವಾಟ್-ಗಂಟೆ ಕೊಡುವುದು. ಖರ್ಚು 305, ಸಾಕೆಂದು ತೋರುತ್ತದೆ. ಆದರೆ ಒಂದು ದಿನ ಮೋಡ ಕವಿದು ಏನೂ ಬಾರದಿದ್ದರೆ, ಆ ಕೊರತೆಯನ್ನು ದಿನಕ್ಕೆ 20ರಂತೆ ತುಂಬಲು ಹದಿನೈದು ದಿನಗಳು ಹಿಡಿಯುತ್ತವೆ! ಅಷ್ಟರೊಳಗೆ ಮತ್ತೆ ಮೋಡ ಬಂದರೆ ಹಟ್ಟಿಯ ದೀಪ ನಡುರಾತ್ರಿಯಲ್ಲಿ ಆರುವುದು; ತೋಳವು ಕಾಯುವುದೂ ಅದನ್ನೇ. 150 ವಾಟಿನ ಫಲಕವಾದರೆ ಸುಮಾರು 487 ದೊರೆತು, ಎರಡೇ ದಿನಗಳಲ್ಲಿ ಕೊರತೆ ನೀಗುವುದು.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂಬುದು ಅರೆಸತ್ಯ. ಫಲಕದ ಮೇಲೆ ಬರೆದ ವಾಟು ಅದರ ಕೋಶಗಳು 25 ಡಿಗ್ರಿಯಲ್ಲಿರುವಾಗಿನದು. ಏಪ್ರಿಲ್ ಮಧ್ಯಾಹ್ನ ಕೋಶದ ಉಷ್ಣತೆ 65 ಡಿಗ್ರಿಗೆ ಏರಿದಾಗ, ಡಿಗ್ರಿಗೆ ನೂರಕ್ಕೆ ಸುಮಾರು 0.4ರಂತೆ, 16 ಪಾಲು ಇಳಿಯುವುದು. ಆದುದರಿಂದ ಫಲಕವನ್ನು ತಾಡಪಾಲಿಗೆ ಅಂಟಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ನಾಲ್ಕು ಬೆರಳು ಎತ್ತರಿಸಬೇಕು. ಮುಖ ದಕ್ಷಿಣಕ್ಕೆ, ಓರೆ ಇಲ್ಲಿನ ಅಕ್ಷಾಂಶದಷ್ಟು, ಸುಮಾರು 15 ಡಿಗ್ರಿ. ಕೋಶಗಳು ಸರಣಿಯಲ್ಲಿ ಜೋಡಿಸಲ್ಪಟ್ಟಿರುವುದರಿಂದ ಒಂದು ಕೊಂಬೆಯ ನೆರಳೂ ಇಡೀ ಸಾಲಿನ ಪ್ರವಾಹವನ್ನು ತಗ್ಗಿಸುತ್ತದೆ.

ಇಲ್ಲಿ ಮನುಷ್ಯನಿಗೂ ಫಲಕಕ್ಕೂ ವಿರೋಧ. ಬೇಸಗೆಯಲ್ಲಿ ಟ್ರೇಲರನ್ನು ಬೇವಿನ ನೆರಳಿಗೆ ನಿಲ್ಲಿಸದವರುಂಟೆ? ಫಲಕವನ್ನು 10 ಮೀಟರ್ ದೂರದ ಬಿಸಿಲಿನಲ್ಲಿಟ್ಟು ತಂತಿ ಎಳೆಯುವುದೇ ಪರಿಹಾರ. 150 ವಾಟು 18 ವೋಲ್ಟಿನಲ್ಲಿ ಹರಿದರೆ ಪ್ರವಾಹ 8.3 ಆಂಪಿಯರ್. ಹೋಗಿಬರುವ 20 ಮೀಟರ್ ತಾಮ್ರದ ತಂತಿಯ ಅಡ್ಡಕೊಯ್ತ 1.5 ಚದರ ಮಿಲಿಮೀಟರ್ ಇದ್ದರೆ ದಾರಿಯಲ್ಲೇ 1.9 ವೋಲ್ಟ್ ನಷ್ಟ. 6 ಇದ್ದರೆ ಅರ್ಧ ವೋಲ್ಟಿಗೂ ಕಡಿಮೆ. ಮನೆಯ 230 ವೋಲ್ಟಿನಲ್ಲಿ ಗಣನೆಗೆ ಬಾರದ ನಷ್ಟವು ಇಲ್ಲಿ ಹತ್ತನೆಯ ಒಂದು ಪಾಲನ್ನು ನುಂಗುವುದು.

ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಕ ಇರಲೇಬೇಕು. ಅದು ಬ್ಯಾಟರಿ ಮಿತಿಮೀರಿ ತುಂಬದಂತೆ ತಡೆಯುತ್ತದೆ. ಬ್ಯಾಟರಿಯ ಧನಧ್ರುವದ ಪಕ್ಕದಲ್ಲೇ ಫ್ಯೂಸ್ ಹಾಕತಕ್ಕದ್ದು: 12 ವೋಲ್ಟ್ ಮೈಗೆ ತಾಗಿದರೆ ಭಯವಿಲ್ಲ, ಆದರೆ ಎರಡು ತಂತಿಗಳು ಒಂದನ್ನೊಂದು ತಾಗಿದರೆ ನೂರಾರು ಆಂಪಿಯರ್ ಹರಿದು ಹೊದಿಕೆಗೆ ಬೆಂಕಿ ಹತ್ತಬಹುದು. ಸೀಸದ ಬ್ಯಾಟರಿಯಿಂದ ತುಂಬುವ ಕೊನೆಯಲ್ಲಿ ಜಲಜನಕವೂ ಹೊರಡುವುದರಿಂದ, ಅದರ ಸ್ಥಾನ ಮಲಗುವ ಜಾಗದ ಅಡಿಯಲ್ಲಲ್ಲ, ಒಲೆಗೆ ದೂರವಾಗಿ ಗಾಳಿಯಾಡುವ ಟ್ರೇಲರಿನ ಹೊರಮೂಲೆಯಲ್ಲಿ.